ಕಿಟ್ಟೆಲ್ ಎಂದರೇನು?

ಕನ್ನಡದ ಓದುಬರಹ ಬಲ್ಲವರಲ್ಲಿ ಕಿಟ್ಟೆಲ್ ಎಂಬ ಹೆಸರನ್ನು ಕೇಳದವರು ವಿರಳ. ಹಳಗನ್ನಡದ ಪಾಠದಲ್ಲಿ ಕಠಿಣವಾದ ಶಬ್ದವೊಂದು ಎದುರಾದೊಡನೆ ‘ಕಿಟ್ಟೆಲ್ ನೋಡಿ’ ಎಂದು ಉಪಾಧ್ಯಾಯರು ಹೇಳುವುದುಂಟು. ಹಾಗೆ ಹೇಳುವಾಗ ಅವರ ಮನಸ್ಸಿನಲ್ಲಿರುವುದು ಒಬ್ಬ ಮನುಷ್ಯನಲ್ಲ, ಒಂದು ಗ್ರಂಥ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಆ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿಗೆ ಅರ್ಥವನ್ನು ಕೊಡಲಾಗಿದೆ. ಅದನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲರು ಜರ್ಮನಿಯವರು. 1832ರಲ್ಲಿ ಜನಿಸಿ, 1853ರಲ್ಲಿ ನಮ್ಮ ನಾಡಿಗೆ ಬಂದು, 1903ರಲ್ಲಿ ಟ್ಯೂಬಿಂಗೆನ್ ಪಟ್ಟಣದಲ್ಲಿ ತೀರಿಕೊಂಡರು.

ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗ ಮಾಡುವವರಿಗೆ ಇನ್ನೊಬ್ಬ ಕಿಟ್ಟೆಲರ ಪರಿಚಯವಾಗುತ್ತದೆ. ಹರಳುಗಳ ರಚನೆ, ಲೋಹಗಳ ವಿದ್ಯುದ್ವಾಹಕತೆ, ಅಯಸ್ಕಾಂತತ್ವ ಮೊದಲಾದ ವಿಷಯಗಳನ್ನು ತಿಳಿಸುವ ಘನಸ್ಥಿತಿ ಭೌತಶಾಸ್ತ್ರದ ಪ್ರಸಿದ್ಧ ಪಠ್ಯಗ್ರಂಥವೊಂದು 1953ರಲ್ಲಿ ಮೊದಲ ಸಲ ಅಚ್ಚಾಯಿತು. ಅದರ ಕರ್ತೃ ಅಮೆರಿಕದ ಚಾರ್ಲ್ಸ್ ಕಿಟ್ಟೆಲ್ (1916–2019). ಈ ಪುಸ್ತಕವನ್ನೂ ವಿದ್ಯಾರ್ಥಿಗಳು ‘ಕಿಟ್ಟೆಲ್’ ಎಂದೇ ಕರೆಯುತ್ತಾರೆ. ಹೀಗಾಗಿ ನಮ್ಮ ಕಾಲೇಜು ಪುಸ್ತಕಾಲಯಗಳಲ್ಲಿ ಒಂದು ಕಿಟ್ಟೆಲ್ ನಿಘಂಟುಗಳ ಬೀರುವಿನಲ್ಲಿಯೂ ಮತ್ತೊಂದು ಕಿಟ್ಟೆಲ್ ಭೌತಶಾಸ್ತ್ರದ ಬೀರುವಿನಲ್ಲಿಯೂ ಇರುವುದುಂಟು.

ಎಪ್ಪತ್ತು ಸಾವಿರ ಶಬ್ದಗಳಿಗೆ ಅರ್ಥ ಹೇಳಿದವರ ಹೆಸರಿಗೇ ಅರ್ಥವೇನು? ನಿಘಂಟನ್ನು ತಿರುವಿ ಹಾಕುತ್ತಿರುವಾಗ ಈ ಪ್ರಶ್ನೆ ನಮ್ಮನ್ನು ಕಾಡಿದ್ದುಂಟು. ಕನ್ನಡದ ಕಿವಿಗೆ ಉತ್ತರ ಬಹು ಬೇಗ ಹೊಳೆಯುತ್ತದೆ. ನಮ್ಮಲ್ಲಿ ಕೃಷ್ಣನೆಂಬ ಹುಡುಗನನ್ನು ಮನೆಯವರು ‘ಕಿಟ್ಟ’ ಎಂದು ಕೂಗುತ್ತಾರೆ. ಕಬ್ಬಿಣವನ್ನು ಕಾಯಿಸಿದಾಗ ಹೊರಬೀಳುವ ಕಸರಿಗೂ ‘ಕಿಟ್ಟ’ ಎಂದೇ ಹೆಸರು. ಹಾಗಾದರೆ ಕಿಟ್ಟೆಲರು ಕಿಟ್ಟಣ್ಣನ ಕಡೆಯವರೋ ಕಮ್ಮಾರನ ಕಡೆಯವರೋ? ಎರಡೂ ಅಲ್ಲ. ಒಂದು ಭಾಷೆಯ ಹೆಸರನ್ನು ಇನ್ನೊಂದು ಭಾಷೆಯ ಕಿವಿಯಿಂದ ಕೇಳಿದರೆ ಇಂಥ ಉತ್ತರಗಳು ಎಷ್ಟು ಬೇಕಾದರೂ ದೊರೆಯುತ್ತವೆ. ಹೆಸರುಗಳ ವಿಚಾರದಲ್ಲಿ ಪಂಡಿತರೂ ಇಂಥ ಬಲೆಗೆ ಬಿದ್ದಿರುವುದುಂಟು. ಆದುದರಿಂದಲೇ ಈ ವಿಷಯಕ್ಕೆ ಒಂದು ಶಾಸ್ತ್ರ ಬೇಕಾಯಿತು.

ಜರ್ಮನರಿಗೆ ಈ ಹೆಸರಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಭಾಷೆಯಲ್ಲಿ ಕಿಟ್ಟೆಲ್ ಎಂಬುದು ಇಂದಿಗೂ ಬಳಕೆಯಲ್ಲಿರುವ ಮಾತು. ಕೆಲಸ ಮಾಡುವಾಗ ಮೈಬಟ್ಟೆ ಕೊಳೆಯಾಗದಿರಲೆಂದು ಅದರ ಮೇಲೆ ತೊಡುವ ಸಡಿಲವಾದ ನಿಲುವಂಗಿಯೇ ಕಿಟ್ಟೆಲ್. ವೈದ್ಯರು ತೊಡುವುದು ವೈದ್ಯಕಿಟ್ಟೆಲ್, ಪ್ರಯೋಗಶಾಲೆಯಲ್ಲಿ ತೊಡುವುದು ಪ್ರಯೋಗಶಾಲೆಯ ಕಿಟ್ಟೆಲ್. ಆಸ್ಪತ್ರೆಯ ವೈದ್ಯರನ್ನು ಹಾಸ್ಯವಾಗಿ ‘ಬಿಳಿ ಕಿಟ್ಟೆಲುಗಳು’ ಎನ್ನುವುದೂ ಉಂಟು. ಜರ್ಮನ್ ಬರವಣಿಗೆಯಲ್ಲಿ ನಾಮಪದಗಳೆಲ್ಲವನ್ನೂ ದೊಡ್ಡ ಅಕ್ಷರದಿಂದಲೇ ಆರಂಭಿಸಬೇಕೆಂಬ ನಿಯಮವಿರುವುದರಿಂದ, ಕಾಗದದ ಮೇಲೆ ನಿಲುವಂಗಿಗೂ ನಿಘಂಟುಕಾರರಿಗೂ ಅಕ್ಷರಮಾತ್ರದ ಭೇದವೂ ಇಲ್ಲ.

ಇಷ್ಟಕ್ಕೇ ವಿಷಯ ಮುಗಿಯಿತೆಂದು ತಿಳಿಯಬಾರದು. ಶಬ್ದದ ಅರ್ಥ ಬೇರೆ, ಹೆಸರಿನ ಅರ್ಥ ಬೇರೆ. ಒಂದು ಅಂಗಿಯ ಹೆಸರು ಒಬ್ಬ ಮನುಷ್ಯನಿಗೆ ಏಕೆ ಅಂಟಿಕೊಂಡಿತು, ಅಂಟಿಕೊಂಡದ್ದು ಅವನ ಮಕ್ಕಳು ಮೊಮ್ಮಕ್ಕಳಿಗೆ ಏಕೆ ಇಳಿದುಬಂದಿತು ಎಂಬುದನ್ನು ತಿಳಿದಾಗ ಮಾತ್ರವೇ ಹೆಸರಿನ ಅರ್ಥ ತಿಳಿದಂತೆ.

ಸುಮಾರು ಸಾವಿರ ವರ್ಷಗಳ ಹಿಂದೆ ಜರ್ಮನರಲ್ಲಿ ಮನೆತನದ ಹೆಸರುಗಳು ಇರಲಿಲ್ಲ. ಒಬ್ಬನಿಗೆ ಒಂದೇ ಹೆಸರು. ಹನ್ನೆರಡನೆಯ ಶತಮಾನದ ಹೊತ್ತಿಗೆ ರೈನ್ ನದಿಯ ದಡದ ಪಟ್ಟಣಗಳೂ ದಕ್ಷಿಣದ ಪಟ್ಟಣಗಳೂ ಬೆಳೆಯತೊಡಗಿದುವು. ಜನ ಹೆಚ್ಚಿದರು, ಆದರೆ ಇಡುವ ಹೆಸರುಗಳು ಹೆಚ್ಚಲಿಲ್ಲ. ಒಂದೇ ಬೀದಿಯಲ್ಲಿ ಹಲವರು ಯೋಹಾನೆಸರು, ಹಲವರು ಹೈನ್ರಿಕರು, ಹಲವರು ಕೊನ್ರಾಡರು. ತೆರಿಗೆಯ ಲೆಕ್ಕ ಬರೆಯುವ ಕರಣಿಕನು ಯಾವ ಹೈನ್ರಿಕ್ ಹಣ ಕೊಟ್ಟನು, ಯಾವ ಹೈನ್ರಿಕ್ ಬಾಕಿ ಉಳಿಸಿಕೊಂಡನು ಎಂದು ಹೇಗೆ ಗುರುತಿಸಬೇಕು? ಹೆಸರಿನ ಪಕ್ಕದಲ್ಲಿ ಒಂದು ಗುರುತನ್ನು ಬರೆದುಕೊಳ್ಳುವುದು ಅನಿವಾರ್ಯವಾಯಿತು. ಆ ಗುರುತುಗಳೇ ಕಾಲಕ್ರಮದಲ್ಲಿ ಮನೆತನದ ಹೆಸರುಗಳಾಗಿ ನಿಂತುವು.

ಗುರುತುಗಳಲ್ಲಿ ಹಲವು ಬಗೆ. ತಂದೆಯ ಹೆಸರಿನಿಂದ ಬಂದುದು ಯಾನ್ಸೆನ್, ಅಂದರೆ ಯಾನನ ಮಗ. ಮನೆಯ ಬಳಿಯ ಹಳ್ಳದಿಂದ ಬಂದುದು ಬಾಖ್. ಕ್ಷಯರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದ ರಾಬರ್ಟ್ ಕಾಖರ ಹೆಸರಿಗೆ ಅಡಿಗೆಯವನೆಂದು ಅರ್ಥ. ಅಯಸ್ಕಾಂತೀಯ ಪ್ರವಾಹದ ಮಾನಕ್ಕೆ ಯಾರ ಹೆಸರನ್ನಿಟ್ಟಿದೆಯೋ ಆ ವಿಲ್ಹೆಲ್ಮ್ ವೇಬರರ ಹೆಸರಿಗೆ ನೇಕಾರನೆಂದು ಅರ್ಥ. ಗಣಿತಜ್ಞ ಫೆಲಿಕ್ಸ್ ಕ್ಲೈನರ ‘ಕ್ಲೈನ್’ ಎಂದರೆ ಚಿಕ್ಕವ, ಕುಳ್ಳ. ಧಾರವಾಡದ ಸೀಮೆಯವರಿಗೆ ಇದರಲ್ಲಿ ಹೊಸತೇನೂ ಕಾಣದು. ಕಂಬಾರ, ಬಡಿಗೇರ, ಸಿಂಪಿ ಎಂಬ ಅಡ್ಡಹೆಸರುಗಳು ಅಲ್ಲಿ ಮನೆಮಾತು. ಫರ್ಡಿನೆಂಡ್ ಕಿಟ್ಟೆಲರು ಕನ್ನಡವನ್ನು ಕಲಿತ ಆರಂಭದ ದಿನಗಳನ್ನು ಕಳೆದದ್ದೂ ಆ ಸೀಮೆಯಲ್ಲಿಯೇ. ತಮ್ಮ ದೇಶದ ಶ್ಮಿಟ್ಟನೇ ಇಲ್ಲಿ ಕಂಬಾರನಾಗಿದ್ದಾನೆ, ಶ್ನೈಡರನೇ ಸಿಂಪಿಯಾಗಿದ್ದಾನೆ ಎಂಬುದು ಶಬ್ದಗಳ ಬೆನ್ನು ಹತ್ತಿದ ಆ ವಿದ್ವಾಂಸರ ಕಣ್ಣಿಗೆ ಬೀಳದೆ ಇದ್ದೀತೆ?

ಈಗ ಅಂಗಿಯ ಮಾತಿಗೆ ಬರೋಣ. ಮಧ್ಯಯುಗದ ಜರ್ಮನ್ ಭಾಷೆಯಲ್ಲಿ ಈ ಶಬ್ದದ ರೂಪ ‘ಕಿಟೆಲ್’. ನಾರಗಸೆಯ ಅಥವಾ ಸೆಣಬಿನ ಒರಟು ಬಟ್ಟೆಯಿಂದ ಹೊಲಿದು, ತಲೆಯ ಮೇಲಿನಿಂದ ಹಾಕಿಕೊಳ್ಳುತ್ತಿದ್ದ ಹಗುರವಾದ ಹೊರ ಅಂಗಿಗೆ ಆ ಹೆಸರಿದ್ದಿತು. ಶಬ್ದದ ಮೂಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಅರಬ್ಬೀ ಭಾಷೆಯಲ್ಲಿ ಹತ್ತಿಗೆ ‘ಕುತ್ನ್’ ಎನ್ನುತ್ತಾರೆ. ಇಂಗ್ಲಿಷಿನ ಕಾಟನ್, ಜರ್ಮನಿನ ಕಟ್ಟೂನ್ ಎರಡೂ ಅದರಿಂದ ಹುಟ್ಟಿದುವು. ಕಿಟೆಲ್ ಎಂಬುದೂ ಅದೇ ಬಳಗದ್ದಿರಬೇಕೆಂದು ಕೆಲವರು ಊಹಿಸಿದ್ದಾರೆ. ಹತ್ತಿಯ ಸೀಮೆಯಲ್ಲಿ ನೆಲಸಿದ್ದ ಕಿಟ್ಟೆಲರ ಹೆಸರಿನಲ್ಲಿಯೂ ಹತ್ತಿ ಇದ್ದಿದ್ದರೆ ಕೇಳುವುದಕ್ಕೆ ಸೊಗಸಾಗಿತ್ತು. ಆದರೆ ಕೊನೆಯ ‘ನ್’ ಹೋಗಿ ‘ಲ್’ ಬಂದುದೇಕೆಂಬುದಕ್ಕೆ ಸಮಾಧಾನ ದೊರೆಯುವವರೆಗೆ ಆ ಸೊಗಸನ್ನು ನಂಬುವಂತಿಲ್ಲ.

ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ರಚಿತವಾದ ‘ಕೈಸರ್‌ಕ್ರೋನಿಕ್’ ಎಂಬ ಪದ್ಯರೂಪದ ಚರಿತ್ರೆಯಲ್ಲಿ ರೈತರ ಉಡುಪಿನ ಕಟ್ಟಳೆಯೊಂದು ಬರುತ್ತದೆ. ರೈತನು ಕಪ್ಪು ಅಥವಾ ಬೂದು ಬಣ್ಣವನ್ನಲ್ಲದೆ ಬೇರೆ ಬಣ್ಣವನ್ನು ತೊಡಕೂಡದು. ಅಂಗಿಗೂ ಚಲ್ಲಣಕ್ಕೂ ಕೂಡಿ ಅವನಿಗೆ ಏಳು ‘ಎಲ್’ ಬಟ್ಟೆ ಸಾಕು. (ನಮ್ಮ ಮೊಳದಂತೆ ಎಲ್ ಎಂಬುದೂ ತೋಳಿನ ಉದ್ದದಿಂದ ಹುಟ್ಟಿದ ಅಳತೆ.) ಒಬ್ಬನು ತೊಟ್ಟ ಬಟ್ಟೆಯನ್ನು ನೋಡಿ ಅವನ ಅಂತಸ್ತನ್ನು ನಿರ್ಣಯಿಸುತ್ತಿದ್ದ ಕಾಲ ಅದು. ಅಂಥ ಸಮಾಜದಲ್ಲಿ ಉಡುಪು ಹೆಸರಾಗುವುದು ಸಹಜವೇ. ಜರ್ಮನಿಯಲ್ಲಿ ಮಾಂಟೆಲ್ ಎಂದರೆ ಮೇಲಂಗಿ, ಹೂಟ್ ಎಂದರೆ ಟೊಪ್ಪಿಗೆ, ಲಾಂಗ್‌ರಾಕ್ ಎಂದರೆ ಉದ್ದನೆಯ ಕೋಟು. ಈ ಹೆಸರುಗಳ ಮನೆತನಗಳೂ ಇವೆ.

ಆದರೆ ಇಲ್ಲೊಂದು ತೊಡಕುಂಟು. ಹಳ್ಳಿಯಲ್ಲಿ ಎಲ್ಲರೂ ಕಿಟೆಲ್ ತೊಡುತ್ತಿದ್ದ ಪಕ್ಷದಲ್ಲಿ, ಒಬ್ಬನನ್ನು ಮಾತ್ರ ಕಿಟೆಲ್ ಎಂದು ಕರೆದುದೇಕೆ? ಎಲ್ಲರಲ್ಲಿಯೂ ಇರುವುದು ಯಾರಿಗೂ ಗುರುತಾಗಲಾರದು. ಹೆಸರುಗಳ ಶಾಸ್ತ್ರದಲ್ಲಿ ಇದೊಂದು ಮುಖ್ಯವಾದ ಸೂತ್ರ. ವಿಶ್ವಕಿರಣಗಳನ್ನು 1912ರಲ್ಲಿ ಕಂಡುಹಿಡಿದ ವಿಕ್ಟರ್ ಹೆಸ್ಸರು ಆಸ್ಟ್ರಿಯದವರು. ಹೆಸ್ ಎಂದರೆ ಸಾಮಾನ್ಯವಾಗಿ ಹೆಸ್ಸೆ ನಾಡಿನವನೆಂದು ಅರ್ಥ. ಹೆಸ್ಸೆಯಲ್ಲಿ ಇರುವ ತನಕ ಯಾರೂ ಒಬ್ಬನನ್ನು ಹೆಸ್ಸೆಯವನೆಂದು ಕರೆಯುವುದಿಲ್ಲ. ಆ ನಾಡನ್ನು ಬಿಟ್ಟು ಬೇರೆಡೆಗೆ ಹೋದವನಿಗೇ ಆ ಹೆಸರು ಬೀಳುತ್ತದೆ. ಬಿಜಾಪುರ ಎಂಬ ಅಡ್ಡಹೆಸರಿನ ಮನೆಗಳು ಬಿಜಾಪುರದ ಹೊರಗೆ ಹುಟ್ಟಿಕೊಂಡದ್ದೂ ಹೀಗೆಯೇ.

ಈ ಸೂತ್ರವನ್ನು ಹಿಡಿದು ನಡೆದರೆ ಕಿಟ್ಟೆಲ್ ಎಂಬ ಹೆಸರಿಗೆ ಎರಡು ದಾರಿಗಳು ತೋರುತ್ತವೆ. ಮೊದಲನೆಯದು, ಕಿಟೆಲ್ ಹೊಲಿಯುವವನು. ಹೊಲಿಯುವವನಿಗೆ ಕಿಟ್ಲರ್ ಎಂಬ ಹೆಸರು ಬರುವುದು ವ್ಯಾಕರಣಕ್ಕೆ ಸರಿ, ಬಳೆಯಿಂದ ಬಳೆಗಾರನಾದಂತೆ. ಕಿಟ್ಲರ್ ಎಂಬ ಮನೆತನಗಳೂ ಇವೆ. ಆದರೆ ಜನರು ಆಡುವ ಮಾತಿನಲ್ಲಿ ವ್ಯಾಕರಣವನ್ನು ಕಾಯುವುದಿಲ್ಲ. ಹಾಲಿನವನು ಬಾಗಿಲಿಗೆ ಬಂದಾಗ ‘ಹಾಲು ಬಂತು’ ಎನ್ನುತ್ತೇವಲ್ಲವೆ? ಹಾಗೆಯೇ ಅಂಗಿಯ ಹೆಸರು ಅಂಗಿ ಮಾಡುವವನ ಮೇಲೆ ನಿಂತುಬಿಡಬಹುದು. ಎರಡನೆಯ ದಾರಿ, ಕಿಟೆಲ್ ತೊಡುವವನು. ಅದರಲ್ಲಿಯೂ ಇತರರು ತೊಡದ ಕಡೆಯಲ್ಲಿ ತೊಡುವವನು. ಹಳ್ಳಿಯಿಂದ ಪಟ್ಟಣಕ್ಕೆ ಬಂದು, ಪಟ್ಟಣಿಗರ ನಡುವೆ ತನ್ನ ಹಳ್ಳಿಯ ಅಂಗಿಯಲ್ಲಿಯೇ ತಿರುಗಾಡುತ್ತಿದ್ದವನನ್ನು ನೆರೆಯವರು ಹಾಗೆ ಕರೆದಿರಬೇಕು. ಹೆಸರುಗಳನ್ನು ಬರೆದಿಡುವ ಪದ್ಧತಿ ಮೊದಲು ಬಲವಾದದ್ದು ಪಟ್ಟಣಗಳಲ್ಲಿಯೇ ಎಂಬುದನ್ನು ನೆನೆದರೆ ಈ ಎರಡನೆಯ ದಾರಿಯೂ ಕಡಿಮೆಯದಲ್ಲವೆಂದು ನಮಗೆ ತೋರುತ್ತದೆ. ಒಂದೇ ಹೆಸರು ಒಂದು ಊರಿನಲ್ಲಿ ಮೊದಲ ದಾರಿಯಿಂದಲೂ ಮತ್ತೊಂದು ಊರಿನಲ್ಲಿ ಎರಡನೆಯ ದಾರಿಯಿಂದಲೂ ಬಂದಿರಬಹುದು. ಕಿಟ್ಟೆಲರೆಲ್ಲರೂ ಒಬ್ಬನೇ ಮೂಲಪುರುಷನ ಸಂತತಿಯೆಂದು ಎಣಿಸಬೇಕಾಗಿಲ್ಲ. ನಮ್ಮ ನಾಡಿನ ಕಂಬಾರರೆಲ್ಲರೂ ಒಂದೇ ಮನೆಯವರಲ್ಲವಷ್ಟೆ.

ಇನ್ನು ನಮ್ಮ ನಿಘಂಟುಕಾರರ ವಿಷಯ. ಅವರು ಹುಟ್ಟಿದುದು ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲೆಂಡ್ ಎಂಬ ಪ್ರಾಂತದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿಯ ಪಾದ್ರಿಗಳು. ಹೆಸರನ್ನು ಪರೀಕ್ಷಿಸುವವರಿಗೆ ಈ ಊರು ಒಂದು ಸಂಶಯವನ್ನು ಹುಟ್ಟಿಸುತ್ತದೆ. ಏಕೆಂದರೆ ಆ ಬಯಲು ಸೀಮೆಯ ಜನರಾಡುವ ಜರ್ಮನ್ ಬೇರೆ, ದಕ್ಷಿಣದ ಎತ್ತರದ ನಾಡಿನ ಜರ್ಮನ್ ಬೇರೆ. ಮೊದಲನೆಯದನ್ನು ಕೆಳನಾಡ ಜರ್ಮನ್ ಎಂದೂ ಎರಡನೆಯದನ್ನು ಮೇಲ್ನಾಡ ಜರ್ಮನ್ ಎಂದೂ ಕರೆಯೋಣ. ಮೇಲು ಕೆಳಗು ಎಂಬುದು ನೆಲದ ಎತ್ತರವನ್ನು ಕುರಿತ ಮಾತೇ ಹೊರತು ಭಾಷೆಯ ಯೋಗ್ಯತೆಯನ್ನಲ್ಲ.

ಹಳಗನ್ನಡದ ಪಾಲ್, ಪುಲಿ, ಪೂ ಎಂಬುವು ಹೊಸಗನ್ನಡದಲ್ಲಿ ಹಾಲು, ಹುಲಿ, ಹೂ ಆದುದನ್ನು ವಿದ್ಯಾರ್ಥಿಗಳು ಬಲ್ಲರು. ಒಂದು ಶಬ್ದದಲ್ಲಿ ಮಾತ್ರವಲ್ಲ, ಶಬ್ದಗಳ ಸಾಲಿಗೆ ಸಾಲೇ ಒಂದು ಕ್ರಮದಿಂದ ಬದಲಾಯಿತು. ಕ್ರಿ. ಶ. 500ರಿಂದ 800ರವರೆಗಿನ ಅವಧಿಯಲ್ಲಿ ಮೇಲ್ನಾಡ ಜರ್ಮನಿನ ವ್ಯಂಜನಗಳೂ ಹಾಗೆ ಕ್ರಮವಾಗಿ ಬದಲಾದುವು. ಕೆಳನಾಡಿನಲ್ಲಿ ಹಳೆಯವು ಉಳಿದುವು. ಕೆಳನಾಡಿನವರು ನೀರಿಗೆ ‘ವಾಟರ್’ ಎನ್ನುವಲ್ಲಿ ಮೇಲ್ನಾಡಿನವರು ‘ವಾಸ್ಸರ್’ ಎನ್ನುತ್ತಾರೆ. ಅಲ್ಲಿ ಟಕಾರ, ಇಲ್ಲಿ ಸಕಾರ. ಕೆಳನಾಡಿನಲ್ಲಿ ಹಗಲಿಗೆ ‘ದಾಗ್’, ಮೇಲ್ನಾಡಿನಲ್ಲಿ ‘ಟಾಗ್’. ಅಲ್ಲಿ ದಕಾರ, ಇಲ್ಲಿ ಟಕಾರ.

ಕಿಟ್ಟೆಲ್ ಎಂಬ ಹೆಸರು ಇಂಗ್ಲಿಷಿನ ಕೆಟಲ್, ಅಂದರೆ ನೀರು ಕಾಯಿಸುವ ಪಾತ್ರೆಯನ್ನು ನೆನಪಿಗೆ ತರುತ್ತದೆ. ಕೆಳನಾಡ ಜರ್ಮನಿನಲ್ಲಿಯೂ ಹಂಡೆಗೆ ‘ಕೆಟೆಲ್’ ಎನ್ನುವರು. ಕಿಟ್ಟೆಲರು ಕೆಳನಾಡಿನಲ್ಲಿಯೇ ಹುಟ್ಟಿದವರು. ಹಾಗಾದರೆ ಅವರ ಹಿರಿಯರು ಹಂಡೆ ಮಾಡುವ ಕಂಚುಗಾರರಾಗಿದ್ದರೇ? ಇಲ್ಲಿ ಮೇಲಿನ ಕ್ರಮ ನಮ್ಮ ನೆರವಿಗೆ ಬರುತ್ತದೆ. ಹಂಡೆಯ ಶಬ್ದ ಕೆಳನಾಡಿನಲ್ಲಿ ಕೆಟೆಲ್, ಮೇಲ್ನಾಡಿನಲ್ಲಿ ಕೆಸ್ಸೆಲ್. ಇದು ವಾಟರ್–ವಾಸ್ಸರ್ ಸಾಲಿಗೆ ಸೇರಿದುದು. ಅದರಿಂದ ಹುಟ್ಟಿದ ಮನೆತನದ ಹೆಸರುಗಳು ಅಲ್ಲಿ ಕೆಟ್ಲರ್, ಇಲ್ಲಿ ಕೆಸ್ಲರ್. ಅಂಗಿಯ ಶಬ್ದವಾದರೋ ಕೆಳನಾಡಿನಲ್ಲಿ ಕೆಡೆಲ್, ಮೇಲ್ನಾಡಿನಲ್ಲಿ ಕಿಟೆಲ್. ಇದು ದಾಗ್–ಟಾಗ್ ಸಾಲಿಗೆ ಹೊಂದುತ್ತದೆ. ನೆರೆಯ ಡಚ್ ಭಾಷೆಯಲ್ಲಿ ಕೆಡೆಲಿನ ನಡುವಣ ವ್ಯಂಜನವೂ ಸವೆದುಹೋಗಿ ‘ಕೀಲ್’ ಎಂದು ಉಳಿದಿದೆ. ಆದುದರಿಂದ ಕಿಟ್ಟೆಲ್ ಎಂಬುದು ಹಂಡೆಯಲ್ಲ, ಅಂಗಿ. ಅಷ್ಟೇ ಅಲ್ಲ, ಮೇಲ್ನಾಡಿನ ಅಂಗಿ. ಕಡಲಂಚಿನ ಫ್ರೀಸ್‌ಲೆಂಡಿನ ಮಣ್ಣಿನಲ್ಲಿ ಹುಟ್ಟಿದ ಹೆಸರಾಗಿದ್ದರೆ ಅದರ ರೂಪ ಹೀಗಿರುತ್ತಿರಲಿಲ್ಲ.

ಇದಕ್ಕೆ ಮತ್ತೊಂದು ಕಡೆಯಿಂದಲೂ ಬೆಂಬಲವುಂಟು. ಪೂರ್ವ ಫ್ರೀಸ್‌ಲೆಂಡಿನ ಹಳ್ಳಿಗರಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಸ್ಥಿರವಾದ ಮನೆತನದ ಹೆಸರುಗಳೇ ವಿರಳವಾಗಿದ್ದುವು. ತಂದೆಯ ಹೆಸರೇ ಮಗನಿಗೆ ಗುರುತು. ಯಾನನ ಮಗ ಹಾರ್ಮ್ ಆದರೆ ಅವನು ಹಾರ್ಮ್ ಯಾನ್ಸೆನ್. ಹಾರ್ಮನ ಮಗ ಯಾನ್ ಆದರೆ ಅವನು ಯಾನ್ ಹಾರ್ಮ್ಸ್. ತಲೆಮಾರಿಗೊಂದು ಹೆಸರು. ನೆಪೋಲಿಯನ್ ಆ ಪ್ರಾಂತವನ್ನು ಫ್ರಾನ್ಸಿಗೆ ಸೇರಿಸಿಕೊಂಡ ಮೇಲೆ, 1811ರಲ್ಲಿ ಪ್ರತಿಯೊಂದು ಮನೆತನವೂ ಒಂದು ಸ್ಥಿರವಾದ ಹೆಸರನ್ನು ಇಟ್ಟುಕೊಳ್ಳತಕ್ಕದ್ದೆಂದು ಆಜ್ಞೆ ಹೊರಟಿತು. ಸೈನ್ಯಕ್ಕೆ ಆಳುಗಳನ್ನು ಸೇರಿಸುವುದಕ್ಕೂ ತೆರಿಗೆಯನ್ನು ಎತ್ತುವುದಕ್ಕೂ ಅದು ಅವನಿಗೆ ಬೇಕಾಗಿದ್ದಿತು. ಜನರು ಅದನ್ನು ಮನಸಾರೆ ಒಪ್ಪಲಿಲ್ಲ. ಒಪ್ಪಿದವರಲ್ಲಿ ಬಹುಮಂದಿ ಅಂದಿನ ತಂದೆಯ ಹೆಸರನ್ನೇ ಮನೆತನದ ಹೆಸರಾಗಿ ನಿಲ್ಲಿಸಿಕೊಂಡರು. ಯಾನ್ಸೆನ್ ಎಂಬ ಹೆಸರು ಆ ಪ್ರಾಂತದಲ್ಲಿ ತುಂಬಿರುವುದು ಇದರಿಂದಲೇ. ಇಂಥ ಯಾನ್ಸೆನ್, ಹಾರ್ಮ್ಸ್, ಗೆರ್ಡೆಸ್‌ಗಳ ನಡುವೆ ಪಾದ್ರಿಗಳ ಮನೆಯ ಕಿಟ್ಟೆಲ್ ಎಂಬ ಹೆಸರು ಪರಸ್ಥಳದ್ದೆಂದು ಎದ್ದು ಕಾಣುತ್ತದೆ.

ಹಾಗಾದರೆ ಯಾವ ಸ್ಥಳದ್ದು? ಕಿಟ್ಟೆಲ್ ಎಂಬ ಹೆಸರು ಹಳೆಯ ಕಾಲದಿಂದ ಕಾಣಬರುವ ಕಡೆಗಳಲ್ಲಿ ಮುಖ್ಯವಾದುವು ಜರ್ಮನ್ ಭಾಷೆಯ ಪೂರ್ವಭಾಗದವು: ಸ್ಯಾಕ್ಸನಿ, ಸೈಲೀಶಿಯ, ಉತ್ತರ ಬೊಹೀಮಿಯ. ಹದಿನೆಂಟನೆಯ ಶತಮಾನದಲ್ಲಿ ಉತ್ತರ ಬೊಹೀಮಿಯದ ಬೆಟ್ಟದ ಸೀಮೆಯಲ್ಲಿ ಕಿಟ್ಟೆಲ್ ಎಂಬ ವೈದ್ಯನೊಬ್ಬನಿದ್ದನು. ಅವನಿಗೆ ಪಿಶಾಚಿಯ ಸಹವಾಸವಿದ್ದಿತೆಂದು ಹಳ್ಳಿಗರು ಕಥೆ ಕಟ್ಟಿದರು. ಅವನ ಚಿಕಿತ್ಸೆ ಅಷ್ಟು ಫಲಕಾರಿಯಾಗಿದ್ದಿರಬೇಕು! ದಕ್ಷಿಣದಲ್ಲಿಯೂ ಹೆಸರುಂಟು. ಹೀಬ್ರೂ ಬೈಬಲನ್ನು ಶಾಸ್ತ್ರೀಯವಾಗಿ ಸಂಪಾದಿಸಿ ಪ್ರಕಟಿಸಿದ ರುಡಾಲ್ಫ್ ಕಿಟ್ಟೆಲರು (1853–1929) ವುರ್ಟೆಂಬರ್ಗಿನವರು.

ಇತ್ತೀಚೆಗೆ ಜರ್ಮನಿಯ ವಿದ್ವಾಂಸರು ಹೆಸರುಗಳ ಭೂಪಟಗಳನ್ನು ಸಿದ್ಧಪಡಿಸಿದ್ದಾರೆ. 2005ನೆಯ ಇಸವಿಯ ದೂರವಾಣಿ ಚಂದಾದಾರರ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು, ಯಾವ ಹೆಸರು ಯಾವ ಜಿಲ್ಲೆಯಲ್ಲಿ ಎಷ್ಟಿದೆಯೆಂದು ಲೆಕ್ಕ ಹಾಕಿ ಗುರುತಿಸಿದ ಈ ಭೂಪಟಗಳ ಸಂಪುಟಗಳು 2009ರಿಂದ ಹೊರಬರತೊಡಗಿದುವು. ಐನೂರು ವರ್ಷಗಳ ಹಿಂದಿನ ಉಚ್ಚಾರಭೇದಗಳ ಎಲ್ಲೆಗಳು ದೂರವಾಣಿಯ ಪಟ್ಟಿಯಲ್ಲಿ ಇಂದಿಗೂ ಗೋಚರವಾಗುವುದು ವಿಸ್ಮಯಕರವೇ ಸರಿ. ಆದರೆ ಕಿಟ್ಟೆಲ್‌ನಂಥ ಹೆಸರುಗಳ ವಿಷಯದಲ್ಲಿ ಈ ಸಾಧನವನ್ನು ಎಚ್ಚರದಿಂದ ಬಳಸಬೇಕು. ಎರಡನೆಯ ಮಹಾಯುದ್ಧದ ಅಂತ್ಯದಲ್ಲಿಯೂ ಅನಂತರದಲ್ಲಿಯೂ ಸೈಲೀಶಿಯ, ಬೊಹೀಮಿಯ ಮೊದಲಾದ ಪೂರ್ವದ ಸೀಮೆಗಳಿಂದ ಸುಮಾರು 1 ಕೋಟಿ 20 ಲಕ್ಷ ಜರ್ಮನರು ಓಡಿಬಂದರು ಅಥವಾ ಹೊರದೂಡಲ್ಪಟ್ಟರು. ಅವರೊಡನೆ ಅವರ ಹೆಸರುಗಳೂ ಪಶ್ಚಿಮದ ಊರೂರುಗಳಿಗೆ ಚದರಿಹೋದುವು. ಹೆಸರು ಇಂದು ಇರುವ ಎಡೆಯೇ ಅದು ಹುಟ್ಟಿದ ಎಡೆಯೆಂದು ಭೂಪಟವನ್ನು ನೋಡಿ ಹೇಳಿಬಿಡುವಂತಿಲ್ಲ.

ಹೆಸರಿನಿಂದ ಮನುಷ್ಯನ ರಕ್ತವನ್ನು ನಿರ್ಣಯಿಸಹೊರಟವರು ಇದಕ್ಕಿಂತಲೂ ದೊಡ್ಡ ತಪ್ಪು ಮಾಡಿದರು. ಯೆಹೂದ್ಯರಲ್ಲಿಯೂ ಕಿಟ್ಟೆಲ್ ಎಂಬ ಮಾತುಂಟು. ಪ್ರಾಯಶ್ಚಿತ್ತದ ಹಬ್ಬದಲ್ಲಿಯೂ ಕೆಲವರು ಮದುವೆಯಲ್ಲಿಯೂ ತೊಡುವ ಬಿಳಿಯ ನಿಲುವಂಗಿ ಅದು. ಸತ್ತಾಗ ಹೆಣಕ್ಕೆ ತೊಡಿಸುವುದೂ ಅದನ್ನೇ. ಅವರಿಗೂ ಜರ್ಮನರಿಗೂ ಭಾಷೆ ಅಷ್ಟು ಹತ್ತಿರವಾಗಿದ್ದಿತು. ಆಸ್ಟ್ರಿಯದಲ್ಲಿ 1787ರಲ್ಲಿ, ಪ್ರಷ್ಯದಲ್ಲಿ 1812ರಲ್ಲಿ ಯೆಹೂದ್ಯರು ಸ್ಥಿರವಾದ ಮನೆತನದ ಹೆಸರುಗಳನ್ನು ಇಟ್ಟುಕೊಳ್ಳಬೇಕೆಂದು ಸರ್ಕಾರಗಳೇ ವಿಧಿಸಿದುವು. ಅವರಲ್ಲಿ ಬಹುಮಂದಿ ಜರ್ಮನ್ ಹೆಸರುಗಳನ್ನೇ ಆರಿಸಿಕೊಂಡರು. ಕ್ಲೈನ್ ಎಂಬ ಹೆಸರಿನವರು ಕ್ರೈಸ್ತರೂ ಇದ್ದರು, ಯೆಹೂದ್ಯರೂ ಇದ್ದರು. ಹಿಟ್ಲರನ ಸರ್ಕಾರವು 1938ರಲ್ಲಿ ಯೆಹೂದ್ಯ ಗಂಡಸರು ತಮ್ಮ ಹೆಸರಿಗೆ ‘ಇಸ್ರಾಯೇಲ್’ ಎಂದೂ ಹೆಂಗಸರು ‘ಸಾರಾ’ ಎಂದೂ ಸೇರಿಸಿಕೊಳ್ಳತಕ್ಕದ್ದೆಂದು ಕಟ್ಟಳೆ ಮಾಡಿತು. ಮನೆತನದ ಹೆಸರನ್ನು ನೋಡಿ ಜನಾಂಗವನ್ನು ಗುರುತಿಸಲಾಗುವುದಿಲ್ಲವೆಂದು ಆ ಸರ್ಕಾರವೇ ಒಪ್ಪಿಕೊಂಡಂತಾಯಿತು. ಜರ್ಮನಿಯಲ್ಲಿ ಆ ಕಟ್ಟಳೆಯ ಬಲಿಯಾದವರ ಗುರುತುಪತ್ರಗಳಲ್ಲಿ ಅವರು ಬಯಸದ ಆ ಹೆಸರುಗಳು ಇಂದಿಗೂ ಇವೆ.

ಫರ್ಡಿನೆಂಡ್ ಕಿಟ್ಟೆಲರು ತಮ್ಮ ನಿಘಂಟಿನ ಪೀಠಿಕೆಯಲ್ಲಿ, ಸಂಸ್ಕೃತದ್ದೆಂದು ಎಲ್ಲರೂ ನಂಬಿದ್ದ ಎಷ್ಟೋ ಶಬ್ದಗಳು ದ್ರಾವಿಡ ಮೂಲದವೆಂದು ತೋರಿಸುವ ಪ್ರಯತ್ನ ಮಾಡಿದ್ದಾರೆ. ಶಬ್ದವು ಇಂದು ಯಾರ ಮನೆಯಲ್ಲಿದೆಯೆಂದು ನೋಡಿದರೆ ಸಾಲದು, ಎಲ್ಲಿಂದ ಬಂದಿತೆಂದು ನೋಡಬೇಕು ಎಂಬುದು ಅವರ ಮಾರ್ಗ. ಫ್ರೀಸ್‌ಲೆಂಡಿನ ಪಾದ್ರಿಯ ಮನೆಯಲ್ಲಿದ್ದ ಮೇಲ್ನಾಡಿನ ಅಂಗಿಯನ್ನು ನಾವು ಗುರುತು ಹಿಡಿದದ್ದೂ ಅದೇ ಮಾರ್ಗದಿಂದ.

ಹಳೆಯ ಕಿಟ್ಟೆಲ್ ಬಟ್ಟೆ ಈಗ ಹೊಲದಲ್ಲಿ ಕಾಣುವುದು ಅಪರೂಪ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಗಾಡಿ ಹೊಡೆಯುವವರು ನೀಲಿ ಬಣ್ಣದ ಕಿಟ್ಟೆಲ್ ತೊಡುತ್ತಿದ್ದರು. ವೈದ್ಯರು ಆಗ ಕಪ್ಪು ಕೋಟು ಹಾಕಿಕೊಂಡೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಸೂಕ್ಷ್ಮಜೀವಿಗಳಿಂದ ರೋಗ ಹರಡುವುದೆಂದು ತಿಳಿದ ಮೇಲೆ, ಆ ಶತಮಾನದ ಕೊನೆಯ ದಶಕಗಳಲ್ಲಿ, ಕೊಳೆ ಥಟ್ಟನೆ ಕಾಣುವ, ಕುದಿಸಿ ಒಗೆಯಬಹುದಾದ ಬಿಳಿಯ ಅಂಗಿಯನ್ನು ತೊಟ್ಟರು. ಉಳುವವನ ಅಂಗಿಯ ಹೆಸರು ಆ ಅಂಗಿಗೂ ಬಂದಿತು. ಇಂದು ಜರ್ಮನಿಯ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಿಟ್ಟೆಲ್ ತೊಡದ ವಿದ್ಯಾರ್ಥಿಗೆ ಆಮ್ಲದ ಸೀಸೆಯನ್ನು ಮುಟ್ಟಗೊಡುವುದಿಲ್ಲ.